ಆರು ತಿಂಗಳು ಅಂದ್ರೆ ಎಷ್ಟು ದಿನ?

ಮುಂಬೈಯ ಮುಲುಂಡ್‌ನ ರಾಯರು ನನ್ನ ಮಾಟುಂಗಾದ ಆಫೀಸಿಗೆ ಬಂದಾಗ ಅವರ ಕಂಕುಳಲ್ಲಿ ಐದು ವರ್ಷದ ಕಾಲನಿರ್ಣಯ ಕ್ಯಾಲೆಂಡರುಗಳ ಸುರುಳಿ ಇತ್ತು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಹಾಲು ಬಾರದ ದಿನ, ಗ್ಯಾಸ್ ಸಿಲಿಂಡರ್ ಬಂದ ದಿನ, ಮಗ ಅಮೆರಿಕದಿಂದ ಬಂದ ದಿನ, ಎಲ್ಲವನ್ನೂ ಆ ಚೌಕಗಳಲ್ಲಿ ಬರೆದಿಟ್ಟಿದ್ದರು.

“ಮಗ ಅಲ್ಲಿನ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕ್ತಾನಂತೆ. ನಡುವೆ ಒಮ್ಮೆ ಇಲ್ಲಿಗೆ ಬಂದು ಜಾಸ್ತಿ ದಿನ ಇದ್ದುಬಿಟ್ಟ. ತೊಂದರೆ ಆಗುತ್ತಾ ಮೇಡಂ?”

“ಎಷ್ಟು ದಿನ ಇದ್ದರು ರಾಯರೇ?”

“ಒಂದು ಆರು ತಿಂಗಳು ಅನ್ನಿ.”

ಈ ‘ಅನ್ನಿ’ ಎಂಬ ಒಂದು ಪದದ ಮೇಲೆಯೇ ನನ್ನ ಕಸುಬು ನಡೆಯುತ್ತಿದೆ. ನಾನು ವಕೀಲಳಲ್ಲ. ವಿದೇಶದ ಅರ್ಜಿಗಳಿಗೆ ಕಾಗದಪತ್ರ ಜೋಡಿಸಿ, ದಿನ ಎಣಿಸಿ, ಅಲ್ಲಿನ ವಕೀಲರ ಕೈಗೆ ಕೊಡುವವಳು. ಅರ್ಜಿ ಕೆಡುವುದು ದೊಡ್ಡ ತಪ್ಪಿನಿಂದ ಅಂತ ಜನ ತಿಳಿದಿದ್ದಾರೆ. ನಾನು ಕಂಡ ಹಾಗೆ ಹೆಚ್ಚಿನವು ಕೆಡುವುದು ಅಂದಾಜಿನಿಂದ.

ರಾಯರ ಮಗನ ಪಾಸ್‌ಪೋರ್ಟ್, ಟಿಕೆಟ್ ಎಲ್ಲ ತರಿಸಿ ನೋಡಿದೆವು. ಅಮ್ಮನಿಗೆ ಮಂಡಿ ಆಪರೇಷನ್. ಅದೇ ಹೊತ್ತಿಗೆ ಅವರ ಹಳೆಯ ಸೊಸೈಟಿ ರೀಡೆವಲಪ್‌ಮೆಂಟ್‌ಗೆ ಹೋಯಿತು. ಕಟ್ಟಡ ಖಾಲಿ ಮಾಡಬೇಕು, ಲಿಫ್ಟ್ ಇರುವ ಬಾಡಿಗೆ ಮನೆ ಹುಡುಕಬೇಕು, ಬಿಲ್ಡರ್ ಜೊತೆ ಅಗ್ರಿಮೆಂಟ್ ಆಗಬೇಕು. ಎರಡು ತಿಂಗಳಿಗೆಂದು ಬಂದವನು ಉಳಿದುಬಿಟ್ಟ. 2023ರ ನವೆಂಬರ್ 1ಕ್ಕೆ ಅಲ್ಲಿಂದ ಹೊರಟು, 2024ರ ಜೂನ್ 5ಕ್ಕೆ ಮರಳಿ ಅಲ್ಲಿ ಇಳಿದಿದ್ದಾನೆ. ಹೊರಟ ದಿನ, ಇಳಿದ ದಿನ ಎರಡನ್ನೂ ಅಮೆರಿಕದವರು ತಮ್ಮಲ್ಲಿದ್ದ ದಿನ ಎಂದೇ ಎಣಿಸುತ್ತಾರೆ. ಅವನ್ನು ಬಿಟ್ಟರೂ 216 ದಿನ ಹೊರಗೆ.

ಇಲ್ಲಿ ಎರಡು ಲೆಕ್ಕಗಳಿವೆ. ಎಲ್ಲರೂ ಅವನ್ನು ಒಂದೇ ಅಂದುಕೊಳ್ಳುತ್ತಾರೆ.

ಒಂದು, ಒಟ್ಟು ದಿನಗಳ ಲೆಕ್ಕ. ಗ್ರೀನ್ ಕಾರ್ಡ್, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿ, ಸಿಕ್ಕಿ ಐದು ವರ್ಷ ಆಗಬೇಕು, ಅರ್ಜಿಗೆ ಹಿಂದಿನ ಐದು ವರ್ಷದಲ್ಲಿ ಕನಿಷ್ಠ 30 ತಿಂಗಳು ಆ ನೆಲದ ಮೇಲೆ ಇದ್ದಿರಬೇಕು. ಅಂದರೆ ಸುಮಾರು 913 ದಿನ. ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಜೊತೆಗೇ ಬಾಳುತ್ತಿರುವವರಿಗೆ ಮೂರು ವರ್ಷ, 18 ತಿಂಗಳು. ಈ ಲೆಕ್ಕದಲ್ಲಿ ರಾಯರ ಮಗ ಆರಾಮಾಗಿ ಪಾಸು.

ಇನ್ನೊಂದು, ಒಂದೊಂದು ಪ್ರಯಾಣದ ಲೆಕ್ಕ. ವಾಸ ಎಡೆಬಿಡದೆ ಇರಬೇಕು ಎನ್ನುವ ನಿಯಮ. ಒಂದೇ ಸಲಕ್ಕೆ ಆರು ತಿಂಗಳು ಮೀರಿ ಹೊರಗಿದ್ದರೆ, ವಾಸ ಕಡಿಯಿತು ಎಂದು ಅಧಿಕಾರಿ ಮೊದಲೇ ಅಂದುಕೊಳ್ಳುತ್ತಾನೆ. ಇಲ್ಲ ಎಂದು ತೋರಿಸುವ ಭಾರ ನಮ್ಮದು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಹೊರಗಿದ್ದರೆ ವಾದಕ್ಕೂ ಜಾಗವಿಲ್ಲ, ವಾಸ ಕಡಿದೇ ಹೋಯಿತು. ಆಮೇಲೆ ಮರಳಿದ ದಿನದಿಂದ ನಾಲ್ಕು ವರ್ಷ ಒಂದು ದಿನ ಕಾಯಬೇಕು. ಆಗಲೂ ಹಿಂದಿನ ಐದು ವರ್ಷದ ಕಿಟಕಿಯೊಳಗೆ ಆ ಪ್ರಯಾಣದ ಬಾಲ ಆರು ತಿಂಗಳಿಗಿಂತ ಉದ್ದ ಉಳಿದಿರುತ್ತದೆ. ಹಾಗಾಗಿ ನಾಲ್ಕೂವರೆ ವರ್ಷ ದಾಟಲಿ ಎಂದೇ ನಾನು ಹೇಳುತ್ತೇನೆ.

ರಾಯರ ಮಗ ನಡುವಿನ ಗುಂಪಿನವನು. ಆರು ತಿಂಗಳು ಮೀರಿದ್ದಾನೆ, ವರ್ಷ ಆಗಿಲ್ಲ. ಇಂಥವರಿಗೆ ಪುರಾವೆಯೇ ಎಲ್ಲ. ಹೆಂಡತಿ, ಮಗಳು ಅಲ್ಲೇ ಇದ್ದರು. ಮಗಳ ಶಾಲೆಯ ಹಾಜರಿ ಇದೆ. ಮನೆ ಬಾಡಿಗೆ ನಿಲ್ಲಿಸಿಲ್ಲ. ಕಂಪನಿಯಿಂದ ರಜೆಯ ಪತ್ರ ಇದೆ. ಇಲ್ಲಿ ಬೇರೆ ಕೆಲಸ ಹಿಡಿದಿಲ್ಲ. ತೆರಿಗೆಯನ್ನು ಅಲ್ಲಿನ ನಿವಾಸಿಯಾಗಿಯೇ ಕಟ್ಟಿದ್ದಾನೆ. ಅಮ್ಮನ ಡಿಸ್ಚಾರ್ಜ್ ಸಮ್ಮರಿಯನ್ನೂ ಸೇರಿಸಿದೆವು. ಆದರೆ ಒಂದು ಮಾತು. ಅಮ್ಮನ ಕಾಯಿಲೆ ನೋಡಿ ಅಧಿಕಾರಿ ಮರುಗುತ್ತಾನೆ ಎಂದು ಕೂರಬೇಡಿ. ಏಕೆ ಹೋದೆ ಎನ್ನುವುದಕ್ಕಿಂತ, ಹೋದಾಗ ನಿನ್ನ ಸಂಸಾರ ಎಲ್ಲಿತ್ತು ಎನ್ನುವುದೇ ಅವನಿಗೆ ಮುಖ್ಯ.

ಇದನ್ನು ಕೇಳಿದವರು ತಕ್ಷಣ ಒಂದು ಉಪಾಯ ಹೇಳುತ್ತಾರೆ. ಐದೂವರೆ ತಿಂಗಳು ಇಲ್ಲಿರುವುದು, ಹತ್ತು ದಿನ ಹೋಗಿ ಮುಖ ತೋರಿಸುವುದು, ಮತ್ತೆ ಬರುವುದು. ಡೊಂಬಿವಲಿಯಿಂದ ದಾದರ್‌ಗೆ ಹೋಗಿ ಬಂದ ಹಾಗೆ! ಪ್ರಯಾಣಗಳು ಆರು ತಿಂಗಳ ಒಳಗೇ ಇದ್ದರೂ, ಅಂಥವು ಸಾಲಾಗಿದ್ದರೆ ವಾಸ ನಿಜಕ್ಕೂ ಅಲ್ಲಿದೆಯೇ ಎಂದು ಅಧಿಕಾರಿ ಕೇಳಬಹುದು. ವಿಮಾನ ನಿಲ್ದಾಣದಲ್ಲೇ ಗ್ರೀನ್ ಕಾರ್ಡ್ ಬಗ್ಗೆ ಪ್ರಶ್ನೆ ಏಳಬಹುದು. ಒಟ್ಟು ದಿನಗಳ ಲೆಕ್ಕವೂ ಸದ್ದಿಲ್ಲದೆ ಕರಗುತ್ತಿರುತ್ತದೆ.

ಮಕ್ಕಳ ಪ್ರಾಯೋಜಕತ್ವದಲ್ಲಿ ಗ್ರೀನ್ ಕಾರ್ಡ್ ಪಡೆದ ಅಪ್ಪ ಅಮ್ಮಂದಿರಂತೂ ಇದರಲ್ಲಿ ಸಿಕ್ಕಿಬೀಳುತ್ತಾರೆ. ‘ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಗುಣಿಸಿ ನೋಡಿ. ಐದು ವರ್ಷಕ್ಕೆ ಸರಿಯಾಗಿ 30 ತಿಂಗಳು. ಮೊಮ್ಮಗನ ಉಪನಯನ ಎಂದು ಒಮ್ಮೆ ಹದಿನೈದು ದಿನ ಇಲ್ಲಿ ಜಾಸ್ತಿ ನಿಂತರೆ ಎರಡೂ ಲೆಕ್ಕ ಕೆಟ್ಟವು.

ರೀ-ಎಂಟ್ರಿ ಪರ್ಮಿಟ್ ಇದೆಯಲ್ಲ ಎಂದು ಕೆಲವರು ಧೈರ್ಯವಾಗಿರುತ್ತಾರೆ. ಅಮೆರಿಕದಲ್ಲಿ ಇರುವಾಗಲೇ ಅರ್ಜಿ ಹಾಕಿ ಪಡೆಯುವ, ಸಾಮಾನ್ಯವಾಗಿ ಎರಡು ವರ್ಷ ನಡೆಯುವ ಪರವಾನಗಿ ಅದು. ಗ್ರೀನ್ ಕಾರ್ಡ್ ಉಳಿಸಿಕೊಳ್ಳಲು ಒಳ್ಳೆಯದೇ. ಆದರೆ ಪೌರತ್ವದ ಗಡಿಯಾರವನ್ನು ಅದು ಕಾಯುವುದಿಲ್ಲ. ಗಡಿಯಾರ ಕಾಯಲು ಬೇರೆಯೇ ಒಂದು ಅರ್ಜಿ ಇದೆ, ಎನ್-470 ಎಂದು. ಅದು ಅಮೆರಿಕದ ಸರ್ಕಾರ, ಅಲ್ಲಿನ ಕಂಪನಿ, ಸಂಶೋಧನಾ ಸಂಸ್ಥೆ ಇಂಥವರ ಕೆಲಸದ ಮೇಲೆ ಹೊರಗೆ ಹೋಗುವವರಿಗೆ. ಅಮ್ಮನ ಮಂಡಿಗೆ ಅದು ಸಿಗುವುದಿಲ್ಲ.

ಇನ್ನು ಠಾಣೆ ಊರಿನ ಮನೆಯಲ್ಲಿ ಕೂತು ಅಮೆರಿಕದ ಕಂಪನಿಗೆ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿದವರು. ಸಂಬಳ ಅಲ್ಲೇ, ತೆರಿಗೆ ಅಲ್ಲೇ, ಆದರೂ ಆ ದಿನಗಳು ಹೊರಗಿದ್ದ ದಿನಗಳೇ. ಕಾಲು ಎಲ್ಲಿತ್ತು ಎಂದಷ್ಟೇ ಎಣಿಸುತ್ತಾರೆ.

ನಮ್ಮವರ ತಲೆಯಲ್ಲಿ ಇನ್ನೊಂದು ಸಂಖ್ಯೆ ಕೂತಿದೆ: 182. “ಮೇಡಂ, 182 ದಿನ ಆಗಬಾರದು ಅಷ್ಟೇ ಅಲ್ವಾ?” ಅದು ನಮ್ಮ ಆದಾಯ ತೆರಿಗೆಯ ಲೆಕ್ಕ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಭಾರತದಲ್ಲಿ ಒಟ್ಟು ಎಷ್ಟು ದಿನ ಇದ್ದಿರಿ ಎನ್ನುವುದು. ಇಲ್ಲಿನ ಆದಾಯ 15 ಲಕ್ಷ ಮೀರಿದವರಿಗೆ ಅದರಲ್ಲೂ 120 ದಿನದ ಬೇರೆ ನಿಯಮ ಇದೆ. ಅಮೆರಿಕದ ಆರು ತಿಂಗಳಿಗೂ ಇದಕ್ಕೂ ಸಂಬಂಧವೇ ಇಲ್ಲ. ರಾಯರ ಮಗ ಇಲ್ಲಿದ್ದದ್ದು ಎರಡು ಹಣಕಾಸು ವರ್ಷಗಳಿಗೆ ಹಂಚಿಹೋಯಿತು. ಹಾಗಾಗಿ ನಮ್ಮ 182 ದಾಟಲಿಲ್ಲ. ಅದೇ ಧೈರ್ಯದಲ್ಲಿ ಅಲ್ಲಿನದನ್ನು ದಾಟಿಬಿಟ್ಟ. ಟಿಕೆಟ್ ತೆಗೆಯುವಾಗಲೇ 180ಕ್ಕಿಂತ ಹತ್ತು ದಿನ ಕಡಿಮೆ ಇಟ್ಟುಕೊಳ್ಳಿ ಎನ್ನುತ್ತೇನೆ ನಾನು. ಮುಂಬೈ ಮಳೆಗೆ ವಿಮಾನವೂ ನಿಲ್ಲುತ್ತದೆ, ಸೀಟು ಸಿಗದೆಯೂ ಹೋಗಬಹುದು.

ಕ್ಯಾಲೆಂಡರಿಗೆ ಮರಳೋಣ. ಪೌರತ್ವದ ಅರ್ಜಿಯಾದ ಎನ್-400 ಫಾರಂನಲ್ಲಿ ಐದು ವರ್ಷದ ವಿದೇಶ ಪ್ರಯಾಣಗಳನ್ನು ದಿನಾಂಕ ಸಮೇತ ಬರೆಯಬೇಕು. ರಾಯರು ನವೆಂಬರ್ 2ರ ಚೌಕದಲ್ಲಿ ‘ಮಗ ಬಂದ’ ಎಂದು, ಜೂನ್ 4ರ ಚೌಕದಲ್ಲಿ ‘ಮಗ ಹೋದ’ ಎಂದು ಬರೆದಿದ್ದರು. ಎರಡೂ ನಿಜ, ಎರಡೂ ಫಾರಂಗೆ ತಪ್ಪು. ಅವನು ಅಲ್ಲಿಂದ ಹೊರಟಿದ್ದು 1ರ ಸಂಜೆ. ಇಲ್ಲಿಂದ 4ರ ರಾತ್ರಿ ಊಟ ಮಾಡಿ ಮನೆ ಬಿಟ್ಟ. ವಿಮಾನ ಏರಿದ್ದು ನಡುರಾತ್ರಿ ಕಳೆದ ಮೇಲೆ, ಪಾಸ್‌ಪೋರ್ಟಿನ ಮುದ್ರೆಯಲ್ಲಿ 5 ಇದೆ. ನಮ್ಮ ಮುದ್ರೆ ನೋಡಿ ಫಾರಂ ತುಂಬುವವರು ಹೀಗೆ ಒಂದೆರಡು ದಿನ ತಪ್ಪುತ್ತಾರೆ. ಬೇಕಾಗಿರುವುದು ಅಮೆರಿಕ ಬಿಟ್ಟ ದಿನ, ಅಮೆರಿಕ ಮುಟ್ಟಿದ ದಿನ. ಹಳೆಯ ಟಿಕೆಟ್ ಇಮೇಲ್‌ಗಳನ್ನು ದಯವಿಟ್ಟು ಅಳಿಸಬೇಡಿ. ಹಾಗೆಂದು ಕ್ಯಾಲೆಂಡರ್ ದಂಡವಾಗಲಿಲ್ಲ. ಮಗನಿಗೆ ಮರೆತೇ ಹೋಗಿದ್ದ ಒಂದು ವಾರದ ಪ್ರಯಾಣ ಅದರಲ್ಲಿ ಸಿಕ್ಕಿತು, ಅತ್ತೆಯ ವೈಕುಂಠ ಸಮಾರಾಧನೆಗೆ ಬಂದಿದ್ದು.

ಅರ್ಜಿ ಯಾವಾಗ ಹಾಕಬೇಕು? ಐದು ವರ್ಷ ತುಂಬಲು 90 ದಿನ ಇರುವಾಗಲೇ ಹಾಕಬಹುದು. ರಾಯರ ಮಗನ ಗ್ರೀನ್ ಕಾರ್ಡ್ 2021ರ ಮಾರ್ಚ್ 15ರದ್ದು. ಅಂದರೆ 2025ರ ಡಿಸೆಂಬರ್ 15ರಿಂದ ಬಾಗಿಲು ತೆರೆಯಿತು. ದೊಡ್ಡ ಪ್ರಯಾಣ ಮುಂದಿದ್ದರೆ ಮೊದಲು ಅರ್ಜಿ ಹಾಕಿ ಹೊರಡುವುದೇ, ಬಂದು ಹಾಕುವುದೇ ಎಂದು ಎಲ್ಲರೂ ಕೇಳುತ್ತಾರೆ. ಎರಡು ಮೂರು ವಾರದ ಪ್ರಯಾಣವಾದರೆ ಹಾಕಿ ಹೊರಡಿ. ನಾಲ್ಕೈದು ತಿಂಗಳದ್ದಾದರೆ ಬಂದು ಹಾಕಿ ಎನ್ನುವುದು ನನ್ನ ಅಭಿಪ್ರಾಯ. ಅರ್ಜಿ ಹಾಕಿದ ಮೇಲೆ ಪ್ರಯಾಣ ಮಾಡಬಾರದು ಅಂತೇನೂ ಇಲ್ಲ. ಆದರೆ ಆರು ತಿಂಗಳ ನಿಯಮ ಪ್ರಮಾಣವಚನದ ದಿನದವರೆಗೂ ನಡೆಯುತ್ತದೆ. ಬೆರಳಚ್ಚು, ಸಂದರ್ಶನದ ಪತ್ರಗಳು ಅಲ್ಲಿನ ಮನೆಗೆ ಬರುತ್ತವೆ. ನೀವು ಊರಿನಲ್ಲಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರೆ ಪತ್ರ ಡಬ್ಬಿಯಲ್ಲೇ ಒಣಗುತ್ತದೆ.

ನಿಜವಾದ ಇಕ್ಕಟ್ಟು ಬರುವುದು ಕೊನೆಯಲ್ಲಿ. ಇದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಪ್ರಮಾಣವಚನದ ದಿನ ಗ್ರೀನ್ ಕಾರ್ಡ್ ಹಿಂದಿರುಗಿಸಬೇಕು. ಅದೇ ಕ್ಷಣಕ್ಕೆ ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಭಾರತದ ಪೌರತ್ವವೂ ಹೋಗುತ್ತದೆ. ಕೈಯಲ್ಲಿ ಒಂದು ಪ್ರಮಾಣಪತ್ರ ಮಾತ್ರ. ಅದನ್ನು ಹಿಡಿದು ವಿಮಾನ ಹತ್ತಲು ಆಗುವುದಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಬರಬೇಕು, ಭಾರತದ್ದನ್ನು ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯಬೇಕು, ಆಮೇಲೆ ಒಸಿಐ ಕಾರ್ಡ್ (ವಿದೇಶಿ ಪ್ರಜೆಯಾದ ಭಾರತ ಮೂಲದವರು ವೀಸಾ ಇಲ್ಲದೆ ಬಂದುಹೋಗಲು ಕೊಡುವುದು) ಅಥವಾ ವೀಸಾ. ಈ ನಡುವೆ ಇಲ್ಲಿ ಅಪ್ಪನಿಗೆ ಏನಾದರೂ ಆದರೆ ಅವಸರದ ಪಾಸ್‌ಪೋರ್ಟ್, ಎಮರ್ಜೆನ್ಸಿ ವೀಸಾ ಎಂದು ಓಡಾಡಬೇಕು. ಹಳೆಯ ಭಾರತದ ಪಾಸ್‌ಪೋರ್ಟ್ ಇನ್ನೂ ಮನೆಯಲ್ಲಿದೆಯಲ್ಲ, ಅದರಲ್ಲೇ ಬಂದುಬಿಡುತ್ತೇನೆ ಎಂದವರು ನನಗೆ ಸಿಕ್ಕಿದ್ದಾರೆ. ಬೇಡ. ಅದು ಪಾಸ್‌ಪೋರ್ಟ್ ಕಾಯ್ದೆಯಡಿ ಅಪರಾಧ. ತಂಗಿಯ ಮದುವೆ ಇದ್ದರೆ ಪ್ರಮಾಣವಚನಕ್ಕೆ ಮೊದಲೇ ಬಂದುಹೋಗಿ, ಇಲ್ಲವೇ ಒಸಿಐ ಕೈಗೆ ಬಂದ ಮೇಲೆ ಮುಹೂರ್ತ ಇಡಿಸಿ.

ಬೇರೆ ದೇಶದವರಿಗೆ ಬೇರೆ ಲೆಕ್ಕ. ಕೆನಡಾದಲ್ಲಿ ಐದು ವರ್ಷದಲ್ಲಿ 1,095 ದಿನ ಅಲ್ಲಿದ್ದಿರಬೇಕು. ಆಸ್ಟ್ರೇಲಿಯಾದಲ್ಲಿ ನಾಲ್ಕು ವರ್ಷದಲ್ಲಿ ಹೊರಗಿದ್ದದ್ದು 12 ತಿಂಗಳು ಮೀರಬಾರದು, ಕೊನೆಯ ವರ್ಷದಲ್ಲಿ 90 ದಿನ ಮೀರಬಾರದು. ಬ್ರಿಟನ್ನಿನಲ್ಲಿ ಐದು ವರ್ಷಕ್ಕೆ 450, ಕೊನೆಯ ವರ್ಷಕ್ಕೆ 90. ಜೊತೆಗೆ ಒಂದು ವಿಚಿತ್ರ ನಿಯಮ: ಅರ್ಜಿ ತಲುಪುವ ದಿನಕ್ಕೆ ಸರಿಯಾಗಿ ಐದು ವರ್ಷ ಹಿಂದೆ, ಆ ದಿನ, ನೀವು ಬ್ರಿಟನ್ನಿನ ನೆಲದ ಮೇಲೆ ಇದ್ದಿರಬೇಕು. ಚೆಂಬೂರಿನ ಹುಡುಗಿಯೊಬ್ಬಳು ಎಲ್ಲ ತಯಾರಿ ಮಾಡಿ ಗುಂಡಿ ಒತ್ತುವುದರಲ್ಲಿದ್ದಳು. ಐದು ವರ್ಷ ಹಿಂದೆ ಅದೇ ದಿನ ಅವಳು ಇಲ್ಲಿ ಗಣಪತಿ ವಿಸರ್ಜನೆಯಲ್ಲಿ ಕುಣಿಯುತ್ತಿದ್ದಳು, ಫೋಟೋ ಸಮೇತ ಸಾಕ್ಷಿ. ಒಂಬತ್ತು ದಿನ ಕಾದು ಹಾಕಿದಳು.

ರಾಯರ ಮಗ ಡಿಸೆಂಬರ್ ಕೊನೆಯ ವಾರ ಅರ್ಜಿ ಹಾಕಿದ. ಮೊನ್ನೆ ರಾಯರು ಫೋನ್ ಮಾಡಿದ್ದರು. ಅಮ್ಮನ ಇನ್ನೊಂದು ಮಂಡಿಗೂ ಆಪರೇಷನ್ ಆಗಬೇಕಂತೆ.

“ಸಂದರ್ಶನದ ಪತ್ರ ಬಂದಿದೆಯಾ?” ಎಂದೆ.

“ಇನ್ನೂ ಇಲ್ಲ ಮೇಡಂ.”

“ಹಾಗಾದರೆ ಈಗಲೇ ಬರಲಿ. ಮೂರು ವಾರಕ್ಕೆ, ಹೋಗಿಬರುವ ಟಿಕೆಟ್ ಎರಡೂ ಒಟ್ಟಿಗೆ ತೆಗೆಯಲಿ. ಸೊಸೆ ದಿನಾ ಅಂಚೆ ನೋಡಲಿ.”

ಆ ಕಡೆ ಪುಟ ತಿರುಗಿಸಿದ ಸದ್ದು ಕೇಳಿಸಿತು. “ಒಂದು ನಿಮಿಷ” ಎಂದರು ರಾಯರು, “ಅಲ್ಲಿಂದ ಹೊರಡುವ ದಿನ ಬರೀಲಾ, ಇಲ್ಲಿ ಇಳಿಯುವ ದಿನ ಬರೀಲಾ?”