ಇನ್ಸುಲಿನ್ನಿನ ಒಂದು ಯೂನಿಟ್ ಎಂದರೆ ಎಷ್ಟು?

ಮಧುಮೇಹದ ವಿಷಯದಲ್ಲಿ ದೇಶಗಳ ನಡುವಿನ ಸಹಕಾರ ಎಂದಾಗ ವಿಶ್ವ ಮಧುಮೇಹ ದಿನವಾದ ನವೆಂಬರ್ 14ರ ನೀಲಿ ವೃತ್ತ, ಜಾಥಾ, ಘೋಷಣೆಗಳೇ ಮೊದಲು ನೆನಪಾಗುತ್ತವೆ. ನಿಜವಾಗಿ ಜೀವ ಉಳಿಸಿದ ಸಹಕಾರ ಇದಕ್ಕಿಂತ ನೀರಸವಾದದ್ದು: ಎಲ್ಲರೂ ಒಂದೇ ಅಳತೆಗೋಲು ಹಿಡಿಯುವುದು.

ಟೊರಾಂಟೊದಲ್ಲಿ 1921ರಲ್ಲಿ ಕಂಡುಹಿಡಿದ ಇನ್ಸುಲಿನ್ನನ್ನು ಆಗ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಅದರ ಬಲ ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತಿತ್ತು. ತೂಕ ನೋಡಿ ಡೋಸ್ ಹೇಳುವಂತಿರಲಿಲ್ಲ, ಕಲ್ಮಶಕ್ಕೂ ತೂಕವಿದೆಯಲ್ಲ. ಉಪವಾಸವಿಟ್ಟ ಮೊಲದ ರಕ್ತದ ಸಕ್ಕರೆ ಎಷ್ಟು ಇಳಿಯಿತು ಎಂಬುದೇ ಅಳತೆ. ಆದರೆ ಎಲ್ಲ ಮೊಲಗಳೂ ಒಂದೇ ಥರ ಸ್ಪಂದಿಸುವುದಿಲ್ಲ. 1923ರಲ್ಲಿ, ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘದ ಆರೋಗ್ಯ ವಿಭಾಗ ಎಡಿನ್‌ಬರೋದಲ್ಲಿ ಸಭೆ ಕರೆಯಿತು. 1925ರಲ್ಲಿ ಒಣ ಇನ್ಸುಲಿನ್ ಪುಡಿಯೊಂದನ್ನು ಮಾನಕವೆಂದು ಒಪ್ಪಿ, ಅದರ 1 ಮಿಲಿಗ್ರಾಂಗೆ 8 ಯೂನಿಟ್ ಎಂದು ಗೊತ್ತುಮಾಡಿದರು. ಈಗ ಶುದ್ಧ ಮಾನವ ಇನ್ಸುಲಿನ್ನಿನ 0.0347 ಮಿಲಿಗ್ರಾಂ ಒಂದು ಯೂನಿಟ್.

ಯೂನಿಟ್ ಒಂದಾಯಿತು, ಸೀಸೆ ಒಂದಾಗಲಿಲ್ಲ. ಕೆಲವು ಸೀಸೆಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ (ಯು-40), ಕೆಲವದರಲ್ಲಿ 100 (ಯು-100). ಸಿರಿಂಜಿನ ಗೆರೆಗಳು ಆಯಾ ಬಲಕ್ಕೆ ತಕ್ಕಂತೆ ಇರುತ್ತವೆ. ಯು-40 ಸಿರಿಂಜಿನಲ್ಲಿ ಯು-100 ಇನ್ಸುಲಿನ್ನನ್ನು 10ರ ಗೆರೆವರೆಗೆ ಎಳೆದರೆ ಒಳಗೆ ಬಂದದ್ದು 25 ಯೂನಿಟ್. ಸಕ್ಕರೆ ಕುಸಿದು ಪ್ರಜ್ಞೆ ತಪ್ಪಲು ಇಷ್ಟು ಸಾಕು. ಅದಲುಬದಲಾಗಿ ಯು-100 ಸಿರಿಂಜಿನಲ್ಲಿ ಯು-40 ಇನ್ಸುಲಿನ್ನನ್ನು 10ರ ಗೆರೆವರೆಗೆ ಎಳೆದರೆ ಸಿಗುವುದು ಬರೀ 4 ಯೂನಿಟ್. ಸಕ್ಕರೆ ಏರುತ್ತಲೇ ಹೋಗುತ್ತದೆ. ಸಾಮಾನ್ಯವಾಗಿ ಯು-40 ಸಿರಿಂಜಿಗೆ ಕೆಂಪು ಮುಚ್ಚಳ, ಯು-100ಕ್ಕೆ ಕಿತ್ತಳೆ. ಬಣ್ಣವನ್ನಷ್ಟೇ ನಂಬದೆ, ಸೀಸೆಯ ಮೇಲಿನ ಸಂಖ್ಯೆ ಮತ್ತು ಸಿರಿಂಜಿನ ಮೇಲಿನ ಸಂಖ್ಯೆ ಎರಡನ್ನೂ ಪ್ರತಿಸಲ ಓದಿ ತಾಳೆ ನೋಡಬೇಕು.

ರಕ್ತದ ಕೆಂಪು ಕಣಗಳ ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯನ್ನು ಅಳೆದು ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯ ಅಂದಾಜು ಕೊಡುವ ಎಚ್‌ಬಿಎ1ಸಿ ಪರೀಕ್ಷೆಯದೂ ಇದೇ ಕಥೆ. ಒಂದು ಕಾಲಕ್ಕೆ ಅದೇ ರಕ್ತಕ್ಕೆ ಎರಡು ಲ್ಯಾಬ್‌ಗಳು ಎರಡು ಅಂಕಿ ಕೊಡುತ್ತಿದ್ದವು. ಅಮೆರಿಕ ಮತ್ತು ಕೆನಡಾದಲ್ಲಿ ನಡೆದು 1993ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಕ್ಕೆ ಹೊಂದುವಂತೆ ಯಂತ್ರಗಳನ್ನು ಸರಿಹೊಂದಿಸುವ ಏರ್ಪಾಡು ಬಂದ ಮೇಲೆ ಗೊಂದಲ ತಗ್ಗಿತು. ಆದರೂ ಕೆಲವು ದೇಶಗಳು ಶೇಕಡಾ ಬಳಸುತ್ತವೆ, ಕೆಲವು ಮೋಲ್‌ಗೆ ಮಿಲಿಮೋಲ್. 53 ಎಂದು ಬಂದ ವರದಿ ಕಂಡು ಗಾಬರಿ ಬೇಡ: 10.93ರಿಂದ ಭಾಗಿಸಿ 2.15 ಕೂಡಿಸಿ, ಶೇ. 7 ಆಗುತ್ತದೆ. ಗ್ಲುಕೋಮೀಟರ್ ಅಂಕಿಗೆ ಲೆಕ್ಕ ಇನ್ನೂ ಸುಲಭ. ಡೆಸಿಲೀಟರಿಗೆ 126 ಮಿಲಿಗ್ರಾಂ ಅನ್ನು 18ರಿಂದ ಭಾಗಿಸಿದರೆ ಲೀಟರಿಗೆ 7 ಮಿಲಿಮೋಲ್.

ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು 2022ರಲ್ಲಿ ಒಪ್ಪಿದ ಗುರಿಗಳು ನಿಂತಿರುವುದು ಈ ಅಳತೆಗಳ ಮೇಲೆಯೇ. 2030ರೊಳಗೆ ಮಧುಮೇಹಿಗಳಲ್ಲಿ ಶೇ. 80 ಮಂದಿಗೆ ರೋಗ ಪತ್ತೆಯಾಗಿರಬೇಕು, ಪತ್ತೆಯಾದವರಲ್ಲಿ ಶೇ. 80 ಮಂದಿಯ ಸಕ್ಕರೆ ಹತೋಟಿಯಲ್ಲಿರಬೇಕು, ಅಷ್ಟೇ ಮಂದಿಯ ರಕ್ತದೊತ್ತಡವೂ. ದೇಹದಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ತಯಾರಾಗದ ಟೈಪ್ 1 ಮಧುಮೇಹ ಇರುವ ಎಲ್ಲರಿಗೂ ಕೈಗೆಟುಕುವ ಇನ್ಸುಲಿನ್ ಜೊತೆಗೆ ಸಕ್ಕರೆಯನ್ನು ತಾವೇ ನೋಡಿಕೊಳ್ಳುವ ಸಾಧನವೂ ಸಿಗಬೇಕು.

ಇಲ್ಲೊಂದು ತೊಡಕಿದೆ. ಕಬ್ಬಿಣಾಂಶ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಕೆಂಪು ಕಣಗಳು ಬೇಗ ಸಾಯುವ ಕಾಯಿಲೆಯಲ್ಲಿ, ಈಚೆಗೆ ರಕ್ತಸ್ರಾವವಾದವರಲ್ಲಿ ಕಡಿಮೆ. ಅಂಥವರಿಗೆ ಖಾಲಿ ಹೊಟ್ಟೆಯ ಸಕ್ಕರೆ ಅಥವಾ ಗ್ಲುಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡುವ ಪರೀಕ್ಷೆಯೇ ಹೆಚ್ಚು ಭರವಸೆಯದು.