ಲಾಗ್ ಫೈಲಿನಲ್ಲಿ ಎರರ್ ಏಕೆ ಸಿಗುವುದಿಲ್ಲ?

ಪ್ರಶ್ನೆ: ಲೆಕ್ಕ ಬರೆಯುವ ಪ್ರೋಗ್ರಾಂ ಗ್ನೂಕ್ಯಾಶ್‌ಗೆ ನಾನು ಸೇರಿಸಿದ ವರದಿಯ ಪ್ಲಗಿನ್ (ಹೊರಗಿನಿಂದ ಸೇರಿಸುವ ಕೋಡ್) ತೆರೆಯುತ್ತಿಲ್ಲ. ಲೆಕ್ಕದ ಫೈಲಿನ ಪಕ್ಕದಲ್ಲಿರುವ ಲಾಗ್ ಫೈಲುಗಳನ್ನೆಲ್ಲ ನೋಡಿದರೂ ಎರರ್ ಸಿಗಲಿಲ್ಲ. ಏನು ಮಾಡಲಿ?

ಉತ್ತರ: ಮಂಗಳೂರು ಬಂದರಿನ ಅಡಿಕೆ ವ್ಯಾಪಾರಿಯಿಂದ ಹಿಡಿದು ಉಡುಪಿ ಕಡೆಯ ಯುವಕ ಮಂಡಲದ ಖಜಾಂಚಿಯವರೆಗೆ ಎಲ್ಲರೂ ಇದನ್ನೇ ಕೇಳುತ್ತಾರೆ, ಕೇಳುವಾಗ ಅದೇ ತಪ್ಪು ಫೈಲನ್ನು ನನಗೆ ಕಳುಹಿಸುತ್ತಾರೆ. ಲೆಕ್ಕದ ಫೈಲಿನ ಹೆಸರಿಗೆ ದಿನಾಂಕ ಮತ್ತು ಸಮಯ ಸೇರಿ, ಕೊನೆಯಲ್ಲಿ ‘ಲಾಗ್’ ಎಂದಿರುವ ಆ ಫೈಲಿಗೂ ಪ್ಲಗಿನ್‌ನ ದೋಷಕ್ಕೂ ಸಂಬಂಧವಿಲ್ಲ. ಅದು ನೀವು ಮಾಡಿದ ವಹಿವಾಟುಗಳ ದಿನಚರಿ. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ: ಸಾಲಿನ ಮೊದಲಲ್ಲಿ ‘ಬಿ’ ಇದ್ದರೆ ಬದಲಾವಣೆ ಆರಂಭವಾಯಿತು, ‘ಸಿ’ ಇದ್ದರೆ ಅದು ಖಚಿತವಾಯಿತು ಎಂದರ್ಥ, ಮುಂದೆ ಉದ್ದನೆಯ ಗುರುತಿನ ಸಂಖ್ಯೆ, ದಿನಾಂಕ, ಖಾತೆಯ ಹೆಸರು, ಮೊತ್ತ. ‘ಸ್ವಲ್ಪ ಸರಿಯಾಗಿ ಹುಡುಕಿ ಸರ್, ಅದರಲ್ಲೇ ಇರಬೇಕು’ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಹಾಲಿನ ಲೆಕ್ಕದ ಪುಸ್ತಕದಲ್ಲಿ ದನದ ಕಾಯಿಲೆ ಬರೆದಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಫೈಲನ್ನು ಕಳುಹಿಸಿದವರು ಯಾರಿಗೆ ಎಷ್ಟು ಕೊಟ್ಟರೆಂಬುದನ್ನು ನನ್ನಂಥ ಅಪರಿಚಿತನ ಕೈಗೆ ಒಪ್ಪಿಸಿದಂತಾಗುತ್ತದೆ.

ದೋಷಗಳು ದಾಖಲಾಗುವುದು ‘ಗ್ನೂಕ್ಯಾಶ್.ಟ್ರೇಸ್’ ಎಂಬ ಬೇರೆಯೇ ಫೈಲಿನಲ್ಲಿ. ಲಿನಕ್ಸ್‌ನಲ್ಲಿ ಅದು ‘ಟಿಎಂಪಿ’ ಫೋಲ್ಡರಿನಲ್ಲಿರುತ್ತದೆ, ವಿಂಡೋಸ್‌ನಲ್ಲಿ ನಿಮ್ಮ ಬಳಕೆದಾರ ಖಾತೆಯ ‘ಟೆಂಪ್’ ಫೋಲ್ಡರಿನಲ್ಲಿ. ಲಿನಕ್ಸ್‌ನಲ್ಲಿ ಪ್ರೋಗ್ರಾಂ ಮತ್ತೆ ತೆರೆದರೆ ಹಳೆಯದರ ಜಾಗಕ್ಕೆ ಹೊಸದು ಬರುವುದರಿಂದ, ದೋಷ ಕಂಡ ಕೂಡಲೇ ನಕಲು ತೆಗೆದಿಡಿ. ಪ್ರೋಗ್ರಾಂ ಅಳಿಸಿ ಮತ್ತೆ ಹಾಕುವುದರಿಂದ ಪ್ರಯೋಜನವಿಲ್ಲ. ನೀವು ಸೇರಿಸಿದ ವರದಿ ಇರುವುದು ನಿಮ್ಮ ಬಳಕೆದಾರ ಫೋಲ್ಡರಿನಲ್ಲಿ, ಪ್ರೋಗ್ರಾಂ ಅಳಿಸಿದರೂ ಅದು ಹಾಗೇ ಇರುತ್ತದೆ.

ಟ್ರೇಸ್‌ನಲ್ಲಿಯೂ ‘ದೋಷವಾಯಿತು’ ಎಂಬ ಒಂದು ಸಾಲು ಮಾತ್ರ ಇದ್ದರೆ, ತಪ್ಪು ಹೆಚ್ಚಾಗಿ ಪ್ಲಗಿನ್ ಬರೆದವರದು. ಈ ವರದಿಗಳನ್ನು ಬರೆಯುವ ಪ್ರೋಗ್ರಾಮಿಂಗ್ ಭಾಷೆಯಾದ ಗೈಲ್ ಸ್ಕೀಮಿನಲ್ಲಿ ‘ಕ್ಯಾಚ್’ ಬಳಸಿ ದೋಷವನ್ನು ಹಿಡಿದಾಗ, ಅದರ ಸಾಮಾನ್ಯ ಹ್ಯಾಂಡ್ಲರ್ (ದೋಷ ಬಂದಾಗ ಓಡುವ ಕೋಡ್) ಓಡುವುದು ಕರೆಗಳ ಸ್ಟ್ಯಾಕ್ (ಒಂದರ ಮೇಲೊಂದು ಪೇರಿಸಿದ ಕರೆಗಳ ದಾಖಲೆ) ಬಿಚ್ಚಿಹೋದ ನಂತರ. ಮಂಗಳೂರಿನ ಪಂಪ್‌ವೆಲ್ ವೃತ್ತದಲ್ಲಿ ಡಿಕ್ಕಿಯಾದ ವಾಹನಗಳನ್ನು ಬದಿಗೆ ಎಳೆದ ಮೇಲೆ ಮಹಜರು ಬರೆದಂತೆ, ಯಾವ ಫಂಕ್ಷನ್ ಯಾವುದನ್ನು ಕರೆಯಿತೆಂಬುದು ಆಗ ತಿಳಿಯುವುದಿಲ್ಲ. ಸ್ಟ್ಯಾಕ್ ಬಿಚ್ಚುವ ಮೊದಲೇ ಓಡುವ ಇನ್ನೊಂದು ಹ್ಯಾಂಡ್ಲರನ್ನು ಅದೇ ‘ಕ್ಯಾಚ್’ಗೆ ನಾಲ್ಕನೆಯ ಆರ್ಗ್ಯುಮೆಂಟಾಗಿ ಕೊಟ್ಟು, ಬ್ಯಾಕ್‌ಟ್ರೇಸನ್ನು (ಆ ಕರೆಗಳ ಪಟ್ಟಿಯನ್ನು) ಅಲ್ಲಿಯೇ ಬರೆಸಿಕೊಳ್ಳಬೇಕು.

ಹಾಗಾದರೆ ಆ ದಿನಚರಿ ಫೈಲು ದಂಡವೇ ಎಂದು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಆಟಿ ತಿಂಗಳ ಮಳೆಗೆ ಕರೆಂಟು ಹೋಗಿ ಸೇವ್ ಆಗದ ನಮೂದುಗಳು ಕಳೆದುಹೋದರೆ, ಕೊನೆಯದಾಗಿ ಸೇವ್ ಆದ ಲೆಕ್ಕದ ಪ್ರತಿಯನ್ನು ತೆರೆದು, ಇಂಪೋರ್ಟ್ ಮೆನುವಿನಿಂದ ಇದೇ ಲಾಗನ್ನು ಮರುಓಡಿಸಿ ನಮೂದುಗಳನ್ನು ಮರಳಿ ಪಡೆಯಬಹುದು. ಸೆಟ್ಟಿಂಗ್ ಬದಲಿಸದಿದ್ದರೆ ಈ ಲಾಗ್ ಫೈಲುಗಳು 30 ದಿನ ಮಾತ್ರ ಉಳಿಯುತ್ತವೆ.