ಹಳೆಯ ಕಾವ್ಯಗಳ ಹೆಣ್ಣು: ಬರೀ ಚೆಲುವೆ, ಬರೀ ಪತಿವ್ರತೆಯೇ?

ಓದುಗರ ಪ್ರಶ್ನೆ: ಹಳಗನ್ನಡ ಕಾವ್ಯ ಓದುವಾಗೆಲ್ಲ ಹೆಣ್ಣು ಒಂದೋ ಚೆಲುವೆ, ಇಲ್ಲ ಪತಿವ್ರತೆ, ಅದೂ ಅಲ್ಲದಿದ್ದರೆ ಗಂಡನಿಗೆ ವಿಷ ಹಾಕಿದವಳು. ಆಗಿನ ಹೆಂಗಸರನ್ನು ಬೇರೆ ಥರ ಯಾರೂ ನೋಡಲೇ ಇಲ್ಲವಾ?

ನೋಡಿದ್ದಾರೆ. ಆದರೆ ಪಠ್ಯಪುಸ್ತಕಕ್ಕೆ ಆರಿಸಿದ ಪದ್ಯಗಳಲ್ಲಿ ಅದು ಅಷ್ಟಾಗಿ ಸಿಗುವುದಿಲ್ಲ.

ಮೊದಲು ಆ ಚೆಲುವೆಯರ ವಿಷಯ. ಮಹಾಕಾವ್ಯ ಅಂದ ಮೇಲೆ ಹದಿನೆಂಟು ವರ್ಣನೆ ಇರಲೇಬೇಕು ಎನ್ನುವುದು ಆಗಿನ ರೂಢಿ. ಊರು, ಕಡಲು, ಬೆಟ್ಟ, ಚಂದ್ರೋದಯ, ಜಲಕ್ರೀಡೆ ಹೀಗೆ. ಬರೆದವರು ಗಂಡಸರು, ಕೇಳುತ್ತಿದ್ದದ್ದು ಅರಸನ ಸಭೆ. ಹಾಗಾಗಿ ಕೊಳದಲ್ಲಿ ನೀರೆರಚುವ ಹೆಂಗಸರು ಬರುತ್ತಾರೆ, ಹೋಗುತ್ತಾರೆ. ಅವರಿಗೆ ಹೆಸರೂ ಇರುವುದಿಲ್ಲ. ಅವರನ್ನು ನೋಡಿ ಆ ಕಾಲದ ಹೆಣ್ಣು ಹೀಗಿದ್ದಳು ಅಂದುಕೊಂಡರೆ ತಪ್ಪಾಗುತ್ತದೆ.

ಅದೇ ಸಭೆಯ ಕವಿ ತನ್ನ ಕಣ್ಣೆದುರಿಗಿದ್ದ ಹೆಂಗಸಿನ ಬಗ್ಗೆ ಬರೆದಾಗ ಏನಾಗುತ್ತದೆ ನೋಡಿ. ರನ್ನ ಅಜಿತಪುರಾಣ ಮುಗಿಸಿದ್ದು 993ರಲ್ಲಿ. ಬರೆಸಿದವಳು ಅತ್ತಿಮಬ್ಬೆ. ಅವಳ ನಡತೆಯನ್ನು ಅವನು ಬಿಳಿಯ ಅರಳೆಗೆ, ಗಂಗೆಯ ನೀರಿಗೆ, ತನ್ನ ಗುರು ಅಜಿತಸೇನರ ಗುಣಗಳಿಗೆ, ಕೊಪ್ಪಳದ ಬೆಟ್ಟಕ್ಕೆ ಹೋಲಿಸುತ್ತಾನೆ. ಕಣ್ಣು, ಸೊಂಟ, ನಡಿಗೆ ಯಾವುದೂ ಇಲ್ಲ. ಅರಳೆ! ಮನೆಮನೆಯಲ್ಲಿ ಕೈಗೆ ಸಿಗುವ ಹತ್ತಿ. ಈ ಪದ್ಯ ಎಷ್ಟು ಸಲ ಓದಿದರೂ ನಾನು ಆ ಮೊದಲ ಮಾತಿನಲ್ಲೇ ನಿಂತುಬಿಡುತ್ತೇನೆ.

ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ ಕಾಲ. ಒಂದೊಂದು ಪ್ರತಿಯ ಒಂದೊಂದು ತಾಳೆಗರಿಯನ್ನೂ ಕಬ್ಬಿಣದ ಮೊನೆಯಿಂದ ಗೀರಿ ಬರೆಯಬೇಕಿತ್ತು. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬ್ರಹ್ಮ ಜಿನಾಲಯ ಈಗಲೂ ನಿಂತಿದೆ.

ಈ ಕಥೆಯಲ್ಲಿ ಇನ್ನೊಬ್ಬಳಿದ್ದಾಳೆ, ಅವಳನ್ನು ಮರೆಯಬಾರದು. ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ. ಅಕ್ಕತಂಗಿ ಇಬ್ಬರೂ ನಾಗದೇವ ಎಂಬ ದಂಡನಾಯಕನ ಹೆಂಡತಿಯರು. ಅವನು ಯುದ್ಧದಲ್ಲಿ ಸತ್ತಾಗ ತಂಗಿ ಚಿತೆ ಏರಿದಳು. ಅಕ್ಕ ಮಗನನ್ನು ಸಾಕುತ್ತಾ ಬದುಕಿದಳು. ರನ್ನ ಇಬ್ಬರನ್ನೂ ಹೊಗಳುತ್ತಾನೆ. ಗಂಡ ಸತ್ತ ಮೇಲೂ ಬದುಕಿದ ಹೆಂಗಸನ್ನು, ಅದೂ ದಾನ ಮಾಡುತ್ತಾ, ಪುಸ್ತಕ ಹಂಚುತ್ತಾ ಬದುಕಿದವಳನ್ನು, ಹತ್ತನೆಯ ಶತಮಾನದ ಕವಿ ತಲೆಯ ಮೇಲೆ ಹೊತ್ತು ಮೆರೆಸಿದ್ದಾನೆ. ನಿಮ್ಮ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದೇ.

ಹಾಗಂತ ಆ ಕಾಲವನ್ನು ಸುಮ್ನೆ ಚೆಂದ ಮಾಡಿ ತೋರಿಸಲಾರೆ. ಹಳ್ಳಿಗಳ ಕಡೆ ಓಡಾಡಿದವರು ಮಾಸ್ತಿಕಲ್ಲು ನೋಡಿರುತ್ತೀರಿ, ಗಂಡನ ಹಿಂದೆ ಚಿತೆ ಏರಿದವಳ ನೆನಪಿಗೆ ನಿಲ್ಲಿಸಿದ ಕಲ್ಲು. ಕಲ್ಲಿನಿಂದ ಒಂದು ಕೈ ಹೊರಗೆ ಬಂದಿರುತ್ತದೆ. ಮೊಣಕೈ ಹತ್ತಿರ ಮಡಚಿ ಮೇಲಕ್ಕೆತ್ತಿದ ಕೈ. ಅದರ ತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಎಷ್ಟೋ ಕಲ್ಲುಗಳಲ್ಲಿ ಹೆಸರಿಲ್ಲ, ಅಕ್ಷರವಿಲ್ಲ. ಬಳೆ ಒಡೆದಿಲ್ಲ ಎಂದು ತೋರಿಸುವುದೇ ಆ ಕಲ್ಲಿನ ಉದ್ದೇಶ. ಚಿತೆಗೆ ಹೋದವಳು ಎಂದೆಂದಿಗೂ ಮುತ್ತೈದೆ ಎಂಬ ನಂಬಿಕೆ ಅದು.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನ ಇದೆ. ಪದ್ಯದಲ್ಲೇ ಬರೆದದ್ದು. ದೇಕಬ್ಬೆಯ ಗಂಡ ಏಚ ಮಲ್ಲಯುದ್ಧದಲ್ಲಿ ಎದುರಾಳಿಯನ್ನು ಕೊಂದ. ಆ ತಪ್ಪಿಗೆ ಅವನನ್ನು ತಲಕಾಡಿಗೆ ಒಯ್ದು ಕೊಲ್ಲಿಸಿದರು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಹೊರಟಳು. ಅಪ್ಪ ಅಮ್ಮ ಬೇಡ ಬೇಡ ಎಂದು ತಡೆದರು, ಅವಳು ಕೇಳಲಿಲ್ಲ. ಕಲ್ಲು ಅವಳನ್ನು ಕೊಂಡಾಡುತ್ತದೆ, ನಿಜ. ಆದರೆ ಹೆತ್ತವರ ಗೋಳನ್ನು ಬಿಟ್ಟಿಲ್ಲ. ಹೊಗಳಿಕೆಯ ನಡುವೆ ಆ ಸಂಕಟವೂ ಕಲ್ಲಿನಲ್ಲಿ ಉಳಿದುಬಿಟ್ಟಿದೆ, ಅಲ್ವಾ?

ಶಾಸನಗಳು ಹೆಣ್ಣನ್ನು ಯಾವುದಕ್ಕೆ ಹೊಗಳುತ್ತವೆ ಎನ್ನುವುದನ್ನೂ ಗಮನಿಸಬೇಕು. ಹೊಯ್ಸಳ ರಾಣಿ ಶಾಂತಲೆಗೆ ಹಾಡು, ಕುಣಿತದ ಹೊಗಳಿಕೆ ಇದೆ. ಜೊತೆಗೆ ‘ಸವತಿಗಂಧವಾರಣ’ ಎಂಬ ಬಿರುದೂ ಇದೆ. ಸವತಿಯರ ಪಾಲಿಗೆ ಮದ್ದಾನೆ ಅಂತ ಅರ್ಥ. 1123ರಲ್ಲಿ ಶ್ರವಣಬೆಳಗೊಳದಲ್ಲಿ ಅವಳು ಕಟ್ಟಿಸಿದ ಬಸದಿಗೂ ಅದೇ ಹೆಸರು. ಅರಮನೆಯೊಳಗಿನ ಬದುಕು ಹೇಗಿತ್ತು ಅಂತ ಈ ಒಂದು ಬಿರುದೇ ಹೇಳುತ್ತದೆ.

ಇನ್ನು ಗಂಡನಿಗೆ ವಿಷ ಹಾಕಿದವಳು. ಜನ್ನನ ಯಶೋಧರ ಚರಿತೆಯ (1209) ಅಮೃತಮತಿ. ರಾಣಿ ಅವಳು. ರಾತ್ರಿ ಕೇಳಿದ ಒಂದು ಹಾಡಿಗೆ ಮನಸೋಲುತ್ತಾಳೆ. ಹಾಡಿದವನು ಕುರೂಪಿ ಮಾವುತ. ಅವನು ಎಷ್ಟು ಕುರೂಪಿ ಎಂದು ಕೆಳದಿ ಬಂದು ಹೇಳಿದರೆ, ಒಲವು ಹುಟ್ಟಿದ ಮೇಲೆ ರೂಪದ ಗೋಜು ಯಾಕೆ ಎನ್ನುತ್ತಾಳೆ. ಕಥೆ ಅವಳನ್ನು ನರಕಕ್ಕೆ ಕಳಿಸುತ್ತದೆ. ಜೈನ ಧರ್ಮದ ಕಥೆ, ಅದಕ್ಕೆ ಆ ದಾರಿ ಬೇಕಿತ್ತು. ಆದರೆ ಇಡೀ ಕಾವ್ಯದಲ್ಲಿ ನೆನಪಿನಲ್ಲಿ ಉಳಿಯುವ ಮಾತನ್ನು ಜನ್ನ ಅವಳ ಬಾಯಲ್ಲೇ ಆಡಿಸಿದ್ದಾನೆ. ಬರೀ ಕೆಟ್ಟವಳನ್ನಾಗಿ ಮಾಡಲು ಹೊರಟ ಕವಿ ಇಷ್ಟು ಜೀವ ತುಂಬುತ್ತಿರಲಿಲ್ಲ.

ಇದೆಲ್ಲ ಬೇರೆಯವರು ಕಂಡ ಹೆಣ್ಣು. ಹನ್ನೆರಡನೆಯ ಶತಮಾನದ ವಚನಗಳಲ್ಲಿ ಅವಳೇ ಮಾತಾಡುತ್ತಾಳೆ. ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರಿದ್ದಾರೆ. ಅಕ್ಕಮಹಾದೇವಿಯನ್ನು ಎಲ್ಲರೂ ಬಲ್ಲರು. ಉಳಿದವರನ್ನೂ ಓದಿ ಅಂತ ನನ್ನ ಒತ್ತಾಯ. ದಾರಿಯಲ್ಲಿ ಹೊನ್ನು, ಬಟ್ಟೆ ಬಿದ್ದಿದ್ದರೂ ಕೈಯಿಂದ ಮುಟ್ಟಲಾರೆ ಎಂದು ಆಣೆ ಇಟ್ಟು ಹೇಳುವವಳು ಸತ್ಯಕ್ಕ.

ಆಯ್ದಕ್ಕಿ ಲಕ್ಕಮ್ಮನಂತೂ ನನಗೆ ತೀರಾ ಹತ್ತಿರದವಳು. ಅವಳ ಗಂಡ ಮಾರಯ್ಯನದು ಕಲ್ಯಾಣ ಪಟ್ಟಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕ. ಒಂದು ದಿನ ಎಂದಿಗಿಂತ ಜಾಸ್ತಿ ತಂದ. ಅಕ್ಕಿ ಜಾಸ್ತಿ ಬಂದರೆ ಯಾವ ಮನೆಯಲ್ಲಿ ಬೇಡ ಅಂತಾರೆ? ಲಕ್ಕಮ್ಮ ಬೇಡ ಅಂದಳು. ಆಸೆ ಅರಸರಿಗೆ ಇರಬಹುದು, ಶಿವಭಕ್ತರಿಗೆ ಉಂಟೇ ಎಂದು ಕೇಳಿದಳು. “ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ” ಎಂದಳು. ತಂದಲ್ಲೇ ಸುರಿದು ಬನ್ನಿ ಎಂದಳು. ಮಾರಯ್ಯ ಅಕ್ಕಿ ಹೊತ್ತುಕೊಂಡು ಬಂದ ದಾರಿಯಲ್ಲೇ ವಾಪಸ್ ಹೊರಟ.